ಎದೆಯ ಗಂಟು ಫಿಲ್ಲೋಡ್ಸ್ ಆಗಿದ್ದರೆ: ಚಿಕ್ಕ ವಯಸ್ಸಿನವರಿಗೆ ಹಂತ ಹಂತದ ಮಾರ್ಗದರ್ಶಿ

ಇಪ್ಪತ್ತು, ಇಪ್ಪತ್ತೈದರ ಹುಡುಗಿಯ ಎದೆಯಲ್ಲಿ ಗಂಟು ಸಿಕ್ಕರೆ ಡಾಕ್ಟರ ಬಾಯಲ್ಲಿ ಮೊದಲು ಬರುವ ಹೆಸರು ಫೈಬ್ರೊಅಡೆನೋಮಾ. ಮುಟ್ಟಿದರೆ ಜಾರುವ, ನೋವಿಲ್ಲದ, ಕ್ಯಾನ್ಸರ್ ಅಲ್ಲದ ಗಂಟು ಅದು. ಈ ಊಹೆ ಹೆಚ್ಚಿನ ಸಲ ಸರಿಯೇ ಇರುತ್ತದೆ. ಹಾಗಾಗಿಯೇ ಅದು ತಪ್ಪಾಗುವ ಅಪರೂಪದ ಸಲ ಯಾರ ಗಮನಕ್ಕೂ ಬರುವುದಿಲ್ಲ. ಸಣ್ಣ ಆಪರೇಷನ್ ಅಂತ ತೆಗೆಸುತ್ತಾರೆ, ಮನೆಗೆ ಬರುತ್ತಾರೆ, ಒಂದೆರಡು ವರ್ಷದಲ್ಲಿ ಅದೇ ಜಾಗದಲ್ಲಿ ಮತ್ತೆ ಗಂಟು ಏಳುತ್ತದೆ. ಆಗ ಹಳೆಯ ರಿಪೋರ್ಟ್ ಹುಡುಕಲು ಶುರು ಮಾಡುತ್ತಾರೆ.

ಆ ಅಪರೂಪದ ಗಡ್ಡೆಯ ಹೆಸರು ಫಿಲ್ಲೋಡ್ಸ್. ಸ್ತನದ ಎಲ್ಲ ಗಡ್ಡೆಗಳನ್ನು ಸೇರಿಸಿ ನೋಡಿದರೆ ನೂರಕ್ಕೆ ಒಂದಕ್ಕಿಂತ ಕಡಿಮೆ. ನಲವತ್ತರ ಆಸುಪಾಸಿನಲ್ಲಿ ಜಾಸ್ತಿ ಕಾಣಿಸಿದರೂ ಹದಿಹರೆಯದಿಂದ ಹಿಡಿದು ಯಾವ ವಯಸ್ಸಿನಲ್ಲಾದರೂ ಬರಬಹುದು. 1838ರಲ್ಲಿ ಜರ್ಮನಿಯ ಯೊಹಾನ್ನೆಸ್ ಮ್ಯೂಲರ್ ಇದಕ್ಕೆ ಸಿಸ್ಟೋಸಾರ್ಕೋಮಾ ಫಿಲ್ಲೋಡ್ಸ್ ಎಂದು ಹೆಸರಿಟ್ಟ. ಸಾರ್ಕೋಮಾ ಅಂದರೆ ಒಂದು ಬಗೆಯ ಕ್ಯಾನ್ಸರ್, ಆದರೂ ಹಳೆಯ ಕಡತದಲ್ಲಿ ಆ ಹೆಸರು ಕಂಡರೆ ಗಾಬರಿ ಬೇಡ. ಫಿಲ್ಲೋಡ್ಸ್ ಗಡ್ಡೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆದರೆ ಫೈಬ್ರೊಅಡೆನೋಮಾಗೆ ಮಾಡುವ ಆಪರೇಷನ್ ಇದಕ್ಕೆ ಸಾಲದು. ಹಾಗಾಗಿ ಮೊದಲ ಆಪರೇಷನ್‌ಗೆ ಮುಂಚೆಯೇ ಅನುಮಾನ ಬರಬೇಕು. ಈ ಲೇಖನ ಇರುವುದು ಆ ಅನುಮಾನವನ್ನು ಹೇಗೆ ಪಡಬೇಕು, ಪಟ್ಟ ಮೇಲೆ ಏನು ಮಾಡಬೇಕು ಎಂದು ಹೇಳಲಿಕ್ಕೆ.

ಗಂಟು ಕೈಗೆ ಸಿಕ್ಕ ದಿನ

ಒಂದು ಕಾಗದ ತೆಗೆದುಕೊಳ್ಳಿ. ದಿನಾಂಕ ಬರೆಯಿರಿ. ಯಾವ ಕಡೆ, ಎಷ್ಟು ದೊಡ್ಡದು, ಕೊನೆಯ ಮುಟ್ಟು ಯಾವಾಗ ಬಂತು, ಇಷ್ಟು ಸಾಕು. ಜಾಗ ಹೇಳಲು ಡಾಕ್ಟರುಗಳು ಗಡಿಯಾರದ ಲೆಕ್ಕ ಬಳಸುತ್ತಾರೆ: ಮೊಲೆತೊಟ್ಟು ನಡುವೆ, ನೇರ ಮೇಲೆ 12 ಗಂಟೆ, ನೇರ ಕೆಳಗೆ 6 ಗಂಟೆ. ನೀವೂ ಹಾಗೇ ಬರೆದುಕೊಂಡರೆ ಮುಂದೆ ಸ್ಕ್ಯಾನಿಂಗ್ ರಿಪೋರ್ಟ್ ಜೊತೆ ಹೋಲಿಸಲು ಸುಲಭ. ಅಳತೆಗೆ ಸ್ಕೇಲ್ ಇಟ್ಟು ಸೆಂಟಿಮೀಟರಿನಲ್ಲಿ ಬರೆಯಿರಿ. ನಿಂಬೆಹಣ್ಣಿನಷ್ಟು, ಗೋಲಿಯಷ್ಟು ಅಂತ ಬರೆದರೆ ಮೂರು ತಿಂಗಳ ನಂತರ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ.

ಮುಟ್ಟಿನ ಮುಂಚೆ ಎದೆ ಗಂಟುಗಂಟಾಗಿ ಇರುವುದು ಸಹಜ. ಸಣ್ಣ ಗಂಟಾಗಿದ್ದು ಬೇರೇನೂ ಇಲ್ಲದಿದ್ದರೆ ಮುಟ್ಟು ಮುಗಿದ ಮೇಲೆ ಒಂದು ವಾರ ಬಿಟ್ಟು ಮತ್ತೆ ಮುಟ್ಟಿ ನೋಡಬಹುದು. ಆಗಲೂ ಇದ್ದರೆ ತೋರಿಸಿ. ಕೆಲವಕ್ಕೆ ಮಾತ್ರ ಈ ಕಾಯುವಿಕೆಯೂ ಬೇಡ: ವಾರದಿಂದ ವಾರಕ್ಕೆ ಬೆಳೆಯುತ್ತಿರುವ ಗಂಟು, 3 ಸೆಂಟಿಮೀಟರಿಗಿಂತ ದೊಡ್ಡದು, ತೊಟ್ಟಿನಿಂದ ರಕ್ತ, ಚರ್ಮ ಒಳಗೆ ಎಳೆದುಕೊಂಡಂತೆ ಅಥವಾ ಕೆಂಪಾಗಿರುವುದು, ಕಂಕುಳಲ್ಲಿ ಗಂಟು, ತಾಯಿಗೋ ಅಕ್ಕತಂಗಿಗೋ ಚಿಕ್ಕ ವಯಸ್ಸಿನಲ್ಲೇ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿರುವುದು. ಇವು ಇದ್ದರೆ ಅದೇ ವಾರ ಹೋಗಿ.

ಫಿಲ್ಲೋಡ್ಸ್ ಕೂಡ ಮುಟ್ಟಿದರೆ ನುಣುಪಾಗಿರುತ್ತದೆ, ಜಾರುತ್ತದೆ, ಸಾಮಾನ್ಯವಾಗಿ ನೋಯುವುದಿಲ್ಲ. ಅದನ್ನು ತೋರಿಸಿಕೊಡುವುದು ಅದರ ಬೆಳವಣಿಗೆ. ಕೆಲವರಲ್ಲಿ ವರ್ಷಗಟ್ಟಲೆ ಸುಮ್ನೆ ಇದ್ದ ಸಣ್ಣ ಗಂಟು ಕೆಲವೇ ತಿಂಗಳಲ್ಲಿ ಎರಡರಷ್ಟಾಗುತ್ತದೆ. ತುಂಬಾ ದೊಡ್ಡದಾದರೆ ಮೇಲಿನ ಚರ್ಮ ಬಿಗಿದು ಹೊಳೆಯುತ್ತದೆ, ನೀಲಿ ನರಗಳು ಎದ್ದು ಕಾಣುತ್ತವೆ. ಅಲ್ಲಿವರೆಗೂ ಕಾದವರು ನಮ್ಮಲ್ಲಿ ಬೇಕಾದಷ್ಟು ಜನ. ನೋವಿಲ್ಲ ಅಂತ ಒಂದು ಕಾರಣ. ಹುಡುಗಿಗೆ ಇನ್ನೂ ಮದುವೆ ಆಗಿಲ್ಲ, ಯಾರಿಗಾದರೂ ಗೊತ್ತಾದರೆ ಅನ್ನುವುದು ಇನ್ನೊಂದು. ಎರಡನೆಯ ಕಾರಣ ಮನೆಯವರದ್ದು, ಹುಡುಗಿಯದ್ದಲ್ಲ. 2 ಸೆಂಟಿಮೀಟರಿದ್ದಾಗ ತೆಗೆಸಿದ ಗಡ್ಡೆ ಒಂದು ಸಣ್ಣ ಗೆರೆ ಬಿಡುತ್ತದೆ. 12 ಸೆಂಟಿಮೀಟರಾದ ಮೇಲೆ ಬಂದರೆ ಸ್ತನವನ್ನೇ ತೆಗೆಯುವ ಮಾತು ಬರಬಹುದು. ಮುಚ್ಚಿಡುವವರು ಈ ಲೆಕ್ಕ ಹಾಕಿಕೊಳ್ಳಲಿ.

ಎಣ್ಣೆ ಹಚ್ಚಿ ತಿಕ್ಕುವುದು, ಬಿಸಿ ಶಾಖ, ಗಂಟು ಕರಗಿಸುವ ಔಷಧಿ, ಇವು ಯಾವುದರಿಂದಲೂ ಫಿಲ್ಲೋಡ್ಸ್ ಕರಗುವುದಿಲ್ಲ.

ಯಾರ ಹತ್ತಿರ ಹೋಗಬೇಕು

ಸರ್ಜನ್ ಹತ್ತಿರ. ಹೆಂಗಸರ ಡಾಕ್ಟರಿಗೆ ಮೊದಲು ತೋರಿಸಲು ಸಂಕೋಚ ಕಡಿಮೆ ಅನ್ನಿಸಿದರೆ ಅವರಿಗೇ ತೋರಿಸಿ, ಆದರೆ ಅಲ್ಲಿಂದ ಸರ್ಜನ್‌ಗೆ ಚೀಟಿ ಬರೆಸಿಕೊಳ್ಳಿ. ಜಿಲ್ಲಾ ಆಸ್ಪತ್ರೆ ಅಥವಾ ಮೆಡಿಕಲ್ ಕಾಲೇಜಿನ ಸರ್ಜರಿ ಓಪಿಡಿ ಸಾಕು. ಬರೀ ಸ್ತನದ ಆಪರೇಷನ್ ಮಾಡುವವರು ಅಥವಾ ಕ್ಯಾನ್ಸರ್ ಸರ್ಜನ್ ಸಿಕ್ಕರೆ ಇನ್ನೂ ಒಳ್ಳೆಯದು. ಪುರುಷ ಡಾಕ್ಟರ್ ಪರೀಕ್ಷೆ ಮಾಡುವಾಗ ಹೆಣ್ಣು ನರ್ಸ್ ಅಥವಾ ನಿಮ್ಮವರು ಒಬ್ಬರು ಪಕ್ಕದಲ್ಲಿರಲಿ ಎಂದು ಕೇಳಿ. ಇದು ಯಾರೂ ಬೇಜಾರು ಮಾಡಿಕೊಳ್ಳುವ ಬೇಡಿಕೆಯಲ್ಲ.

ಸ್ಕ್ಯಾನಿಂಗ್

ಮೂವತ್ತು ದಾಟದವರಿಗೆ ಮೊದಲು ಅಲ್ಟ್ರಾಸೌಂಡ್. ಚಿಕ್ಕ ವಯಸ್ಸಿನಲ್ಲಿ ಸ್ತನ ಗಟ್ಟಿಯಾಗಿ ತುಂಬಿಕೊಂಡಿರುತ್ತದೆ, ಮ್ಯಾಮೊಗ್ರಾಮಿನಲ್ಲಿ ಎಲ್ಲವೂ ಬೆಳ್ಳಗೆ ಕಂಡು ಗಂಟು ಮರೆಯಾಗಬಹುದು. ನಲವತ್ತು ದಾಟಿದವರಿಗೆ ಮ್ಯಾಮೊಗ್ರಾಮೂ ಬೇಕು. ನಡುವಿನವರಿಗೆ ಯಾವುದು ಅಂತ ಡಾಕ್ಟರ್ ನಿರ್ಧರಿಸುತ್ತಾರೆ. ಗಡ್ಡೆ ದೊಡ್ಡದಿದ್ದು ಆಪರೇಷನ್ ಹೇಗೆ ಮಾಡುವುದೆಂಬ ಯೋಚನೆ ಇದ್ದರೆ ಎಂಆರ್‌ಐ ಕೇಳಬಹುದು, ಎಲ್ಲರಿಗೂ ಅದು ಬೇಡ.

ರಿಪೋರ್ಟಿನ ಕೊನೆಯಲ್ಲಿ ಬೈ-ರಾಡ್ಸ್ ಎಂದು ಒಂದು ಅಂಕಿ ಇರುತ್ತದೆ. 1 ಅಂದರೆ ಏನೂ ಇಲ್ಲ, 2 ಅಂದರೆ ನಿರಪಾಯದ್ದು. 3 ಅಂದರೆ ಬಹುಶಃ ನಿರಪಾಯದ್ದು, ಕ್ಯಾನ್ಸರ್ ಆಗಿರುವ ಸಾಧ್ಯತೆ ನೂರಕ್ಕೆ ಎರಡು ಅಥವಾ ಅದಕ್ಕೂ ಕಡಿಮೆ, ಆರು ತಿಂಗಳಿಗೆ ಮತ್ತೆ ನೋಡಿ ಎಂದು. 4 ಮತ್ತು 5 ಬಂದರೆ ಬಯಾಪ್ಸಿ, ಅಂದರೆ ತುಣುಕು ತೆಗೆದು ಪರೀಕ್ಷೆ, ಆಗಲೇಬೇಕು.

ಫಿಲ್ಲೋಡ್ಸ್ ವಿಷಯದಲ್ಲಿ ಈ 3 ಎಂಬ ಅಂಕಿ ಮೋಸ ಮಾಡುತ್ತದೆ. ಸ್ಕ್ಯಾನಿನಲ್ಲಿ ಫಿಲ್ಲೋಡ್ಸ್ ಮತ್ತು ಫೈಬ್ರೊಅಡೆನೋಮಾ ಎರಡೂ ಒಂದೇ ತರಹ ಕಾಣುತ್ತವೆ: ದುಂಡಗೆ, ಅಂಚು ಸ್ಪಷ್ಟ. ಒಳಗೆ ಸೀಳಿನಂಥ ನೀರಿನ ಜಾಗಗಳಿದ್ದರೆ, ಅಂಚು ಉಬ್ಬುಬ್ಬಾಗಿದ್ದರೆ, 3 ಸೆಂಟಿಮೀಟರ್ ದಾಟಿದ್ದರೆ ರೇಡಿಯಾಲಜಿಸ್ಟ್ ಅನುಮಾನ ಪಡುತ್ತಾರೆ. ಇಲ್ಲದಿದ್ದರೆ ಹೇಳಲಾಗುವುದಿಲ್ಲ. ಹಾಗಾಗಿ ಎರಡನೆಯ ಸ್ಕ್ಯಾನಿಗೆ ಬೆಲೆ ಜಾಸ್ತಿ. ಆರು ತಿಂಗಳಲ್ಲಿ ಗಂಟಿನ ಉದ್ದದ ಅಳತೆ ನೂರಕ್ಕೆ 20ಕ್ಕಿಂತ ಹೆಚ್ಚು ಬೆಳೆದಿದ್ದರೆ ಅದನ್ನು ಸುಮ್ಮನೆ ಬಿಡಬಾರದು. ಲೆಕ್ಕ ಸುಲಭ: ಮೊದಲು 25 ಮಿಲಿಮೀಟರ್ ಇದ್ದದ್ದು ಈಗ 32 ಆಗಿದ್ದರೆ ಹೆಚ್ಚಾದದ್ದು 7, ಅಂದರೆ ನೂರಕ್ಕೆ 28. ಇದು ಬಯಾಪ್ಸಿಗೆ ಸಾಕಾದ ಕಾರಣ. 25 ಇದ್ದದ್ದು 26 ಆಗಿದ್ದರೆ ಅಳತೆಯ ಹೆಚ್ಚುಕಡಿಮೆ ಇರಬಹುದು.

ಆಗುವುದಾದರೆ ಎರಡೂ ಸಲ ಒಂದೇ ಕಡೆ ಸ್ಕ್ಯಾನ್ ಮಾಡಿಸಿ. ಆಗದಿದ್ದರೆ ಹಳೆಯ ರಿಪೋರ್ಟ್ ಮತ್ತು ಫಿಲ್ಮ್ ಎರಡನ್ನೂ ಒಳಗೆ ಒಯ್ಯಿರಿ. ಹಳೆಯದು ಮನೆಯಲ್ಲಿದೆ ಅಂದರೆ ಹೋಲಿಸಲು ಅಲ್ಲಿ ಏನೂ ಇರುವುದಿಲ್ಲ ಅಲ್ವಾ?

ಸೂಜಿ ಪರೀಕ್ಷೆ: ಯಾವ ಸೂಜಿ ಅಂತ ಕೇಳಿ

ಸೂಜಿ ಪರೀಕ್ಷೆ ಎಂಬ ಒಂದೇ ಮಾತಿನಲ್ಲಿ ಎರಡು ಬೇರೆ ಬೇರೆ ಪರೀಕ್ಷೆಗಳಿವೆ. ಎಫ್‌ಎನ್‌ಎಸಿಯಲ್ಲಿ ಇಂಜೆಕ್ಷನ್ ಸೂಜಿಯಷ್ಟೇ ತೆಳ್ಳಗಿನ ಸೂಜಿ ಹಾಕಿ ಒಂದಿಷ್ಟು ಬಿಡಿ ಕೋಶ ತೆಗೆಯುತ್ತಾರೆ. ಅಗ್ಗ, ಬೇಗ ಮುಗಿಯುತ್ತದೆ, ಸಣ್ಣ ಊರುಗಳಲ್ಲಿ ಇನ್ನೂ ಇದೇ ಜಾಸ್ತಿ. ಕೋರ್ ಬಯಾಪ್ಸಿಯಲ್ಲಿ ದಪ್ಪ ಸೂಜಿ, ಸಾಮಾನ್ಯವಾಗಿ 14 ಗೇಜ್, ಬಳಸಿ ಸ್ಕ್ಯಾನ್ ನೋಡಿಕೊಂಡೇ ಗಡ್ಡೆಯಿಂದ ಎಳೆಎಳೆಯಾಗಿ ತುಣುಕುಗಳನ್ನು ತೆಗೆಯುತ್ತಾರೆ. ಆ ಜಾಗಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆ. ಯಂತ್ರ ಟಪ್ ಎಂದು ಸದ್ದು ಮಾಡುತ್ತದೆ, ಅದಕ್ಕೇ ಹೆಚ್ಚಿನವರು ಬೆಚ್ಚುವುದು. ನಾಲ್ಕೈದು ದಿನ ಕಂದಿದ ಗುರುತು, ಒಂದಿಷ್ಟು ನೋವು ಇರುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ.

ಫಿಲ್ಲೋಡ್ಸ್ ಪತ್ತೆಗೆ ಎಫ್‌ಎನ್‌ಎಸಿಯನ್ನು ನಂಬಿ ಕೂರಬಾರದು ಎಂಬುದು ನನ್ನ ಖಡಾಖಂಡಿತ ಮಾತು. ಕಾರಣ ಇಷ್ಟೇ: ಈ ಎರಡು ಗಡ್ಡೆಗಳ ವ್ಯತ್ಯಾಸ ಇರುವುದು ಬಿಡಿ ಕೋಶದಲ್ಲಿ ಅಲ್ಲ, ಕೋಶಗಳು ಜೋಡಿಸಿಕೊಂಡಿರುವ ರೀತಿಯಲ್ಲಿ. ಎರಡರಲ್ಲೂ ಹಾಲಿನ ನಾಳದ ಒಳಪದರದ ಕೋಶಗಳಿವೆ, ಅವುಗಳ ಸುತ್ತ ಸ್ಟ್ರೋಮಾ ಎಂಬ ನಾರಿನ ಭಾಗ ಇದೆ. ಫಿಲ್ಲೋಡ್ಸಿನಲ್ಲಿ ಈ ಸ್ಟ್ರೋಮಾ ಅತಿಯಾಗಿ ಬೆಳೆದು, ಎಲೆಯ ಆಕಾರದಲ್ಲಿ ನಾಳದೊಳಕ್ಕೆ ನುಗ್ಗುತ್ತದೆ. ತೆಳು ಸೂಜಿಯಲ್ಲಿ ಈ ಆಕಾರ ಬರುವುದೇ ಇಲ್ಲ. ಆದ್ದರಿಂದ ಫಿಲ್ಲೋಡ್ಸಿಗೂ ಎಫ್‌ಎನ್‌ಎಸಿ ಎಷ್ಟೋ ಸಲ ಫೈಬ್ರೊಅಡೆನೋಮಾ ಎಂದೇ ಉತ್ತರ ಕೊಡುತ್ತದೆ.

ಕೋರ್ ಬಯಾಪ್ಸಿಯೂ ತಪ್ಪಬಹುದು, ಏಕೆಂದರೆ ಗಡ್ಡೆಯ ಒಂದು ಭಾಗ ಫೈಬ್ರೊಅಡೆನೋಮಾ ತರಹವೇ ಇದ್ದು ಸೂಜಿ ಅಲ್ಲಿಗೇ ಹೋಗಿರಬಹುದು. ರಿಪೋರ್ಟಿನಲ್ಲಿ 'ಸೆಲ್ಯುಲರ್ ಫೈಬ್ರೊಎಪಿಥೀಲಿಯಲ್ ಲೀಷನ್' ಎಂದು ಬಂದರೆ ಅದರ ಅರ್ಥ, ಇಷ್ಟು ತುಣುಕಿನಲ್ಲಿ ಎರಡರಲ್ಲಿ ಯಾವುದೆಂದು ಹೇಳಲಾಗದು, ಇಡೀ ಗಡ್ಡೆ ತೆಗೆದು ನೋಡಿ ಎಂದು. ಇದನ್ನು ಕ್ಯಾನ್ಸರ್ ಎಂದು ಓದಬೇಡಿ. ಏನೂ ಇಲ್ಲ ಎಂದೂ ಓದಬೇಡಿ.

ಕೈ ಪರೀಕ್ಷೆ, ಸ್ಕ್ಯಾನ್, ಬಯಾಪ್ಸಿ, ಈ ಮೂರೂ ಒಂದೇ ಮಾತು ಹೇಳಬೇಕು. ಬಯಾಪ್ಸಿ ಫೈಬ್ರೊಅಡೆನೋಮಾ ಎನ್ನುತ್ತಿದೆ, ಆದರೆ ಗಂಟು ಕಣ್ಣೆದುರೇ ಬೆಳೆಯುತ್ತಿದೆ ಎಂದಾದರೆ ನಂಬಬೇಕಾದದ್ದು ಬೆಳವಣಿಗೆಯನ್ನು.

ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತೆ ಎಂಬ ಮಾತು ಪ್ರತಿ ಮನೆಯಲ್ಲೂ ಯಾರಾದರೊಬ್ಬರು ಹೇಳುತ್ತಾರೆ. ಸ್ತನದ ಬಯಾಪ್ಸಿ ದಶಕಗಳಿಂದ ಜಗತ್ತಿನಾದ್ಯಂತ ನಡೆಯುತ್ತಿದೆ, ಅದರಿಂದ ರೋಗಿಯ ಆಯುಸ್ಸು ಕಡಿಮೆಯಾಗುವುದು ಕಂಡುಬಂದಿಲ್ಲ. ಬಯಾಪ್ಸಿ ಇಲ್ಲದೆ ತಪ್ಪು ಆಪರೇಷನ್ ಆಗುವುದು ಇದಕ್ಕಿಂತ ಬಹಳ ದೊಡ್ಡ ಅಪಾಯ.

ಮೊದಲ ಆಪರೇಷನ್‌ಗೆ ಮುಂಚೆ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ಹೆಚ್ಚಿನ ಕೆಡುಕು ಆಗುವುದು ಇಲ್ಲೇ.

ಫೈಬ್ರೊಅಡೆನೋಮಾ ತೆಗೆಯುವುದು ಅವರೆಕಾಳು ಹಿತುಕಿದಂತೆ: ಮೇಲೆ ಸೀಳಿದರೆ ಒಳಗಿನದು ನುಣ್ಣಗೆ ಜಾರಿ ಹೊರಗೆ ಬರುತ್ತದೆ. ಸುತ್ತಲಿನ ಅಂಗಾಂಶ ಹಾಗೇ ಉಳಿಯುತ್ತದೆ. ಫಿಲ್ಲೋಡ್ಸನ್ನೂ ಹೀಗೇ ಜಾರಿಸಿ ತೆಗೆಯಲು ಬರುತ್ತದೆ, ನೋಡಲು ಪೂರ್ತಿ ಬಂದಂತೆಯೇ ಇರುತ್ತದೆ. ಆದರೆ ಅದರ ಅಂಚಿನಿಂದ ಬೆರಳಿನಂಥ ಸಣ್ಣ ಚಾಚುಗಳು ಪಕ್ಕಕ್ಕೆ ಹೋಗಿರಬಹುದು. ಅವು ಉಳಿದರೆ ಗಡ್ಡೆ ಮತ್ತೆ ಬೆಳೆಯುತ್ತದೆ. ಆದ್ದರಿಂದ ಅನುಮಾನ ಇರುವ ಗಡ್ಡೆಯನ್ನು ಸುತ್ತ ಒಂದಿಷ್ಟು ಒಳ್ಳೆಯ ಅಂಗಾಂಶದ ಸಮೇತ, ಒಂದೇ ತುಂಡಾಗಿ ತೆಗೆಯಬೇಕು. ಸುತ್ತಲಿನ ಈ ಪಟ್ಟಿಗೆ ಮಾರ್ಜಿನ್ ಎನ್ನುತ್ತಾರೆ.

ಸರ್ಜನ್‌ಗೆ ಈ ಪ್ರಶ್ನೆಗಳನ್ನು ಕೇಳಿ. ಮುಜುಗರ ಬೇಡ, ಒಳ್ಳೆಯ ಸರ್ಜನ್ ಖುಷಿಯಿಂದಲೇ ಉತ್ತರಿಸುತ್ತಾರೆ.

- ಇದು ಫಿಲ್ಲೋಡ್ಸ್ ಇರಬಹುದಾ? ಕೋರ್ ಬಯಾಪ್ಸಿ ಆಗದೆ ಆಪರೇಷನ್ ಯಾಕೆ?
- ಗಡ್ಡೆಯನ್ನು ಜಾರಿಸಿ ತೆಗೆಯುತ್ತೀರಾ, ಮಾರ್ಜಿನ್ ಜೊತೆಗಾ?
- ಸೀಳು ಎಲ್ಲಿ ಹಾಕುತ್ತೀರಿ? ಮತ್ತೆ ಆಪರೇಷನ್ ಬೇಕಾದರೆ ಅದೇ ಸೀಳಿನಲ್ಲಿ ಮಾಡಬಹುದಾ?
- ತೆಗೆದ ಗಡ್ಡೆ ಪೂರ್ತಿ ಪ್ಯಾಥಾಲಜಿಗೆ ಹೋಗುತ್ತದಾ?

ಮೂರನೆಯ ಪ್ರಶ್ನೆಯ ಹಿಂದೆ ಒಂದು ಕಥೆ ಇದೆ. ಗುರುತು ಕಾಣಬಾರದೆಂದು ತೊಟ್ಟಿನ ಕಪ್ಪು ವೃತ್ತದ ಅಂಚಿನಲ್ಲಿ ಸೀಳು ಹಾಕಿ, ಅಲ್ಲಿಂದ ದೂರದ ಗಡ್ಡೆಯವರೆಗೆ ಸುರಂಗ ತೆಗೆದು ಹೊರತರುವ ರೂಢಿ ಇದೆ. ಫೈಬ್ರೊಅಡೆನೋಮಾಗೆ ಅದು ಚೆಂದ. ಫಿಲ್ಲೋಡ್ಸ್ ಅನುಮಾನ ಇದ್ದಾಗ ಬೇಡ, ಸುರಂಗದ ಉದ್ದಕ್ಕೂ ಗಡ್ಡೆಯ ಚೂರು ಉಳಿಯುವ ಭಯ ಇರುತ್ತದೆ. ಹೀರಿ ಚೂರು ಚೂರಾಗಿ ತೆಗೆಯುವ ವ್ಯಾಕ್ಯೂಮ್ ವಿಧಾನಕ್ಕೂ ಇದೇ ಮಾತು. ಹೊಲಿಗೆಯೇ ಇಲ್ಲ ಅನ್ನುವುದು ಆಕರ್ಷಕ, ಆದರೆ ಅಂಚು ಎಲ್ಲಿ ಮುಗಿಯಿತೆಂದು ಆಮೇಲೆ ಯಾರಿಗೂ ಹೇಳಲಾಗುವುದಿಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ನಮ್ಮ ಎಷ್ಟೋ ಸಣ್ಣ ಆಸ್ಪತ್ರೆಗಳಲ್ಲಿ ಗಡ್ಡೆಯನ್ನು ಮನೆಯವರಿಗೆ ತೋರಿಸಿ, ಡಬ್ಬಿಯಲ್ಲಿ ಹಾಕಿ, ಹೊರಗಿನ ಲ್ಯಾಬಿಗೆ ಕೊಟ್ಟು ಬನ್ನಿ ಅಂತ ಅವರ ಕೈಗೇ ಕೊಡುತ್ತಾರೆ. ಆಪರೇಷನ್ ಆಯಿತು, ಡಾಕ್ಟರು ಸಾದಾ ಗಂಟು ಅಂದರು, ಮತ್ತೆ ಲ್ಯಾಬಿಗೆ ಯಾಕೆ ದುಡ್ಡು ಅಂತ ಬಿಟ್ಟುಬಿಡುವವರಿದ್ದಾರೆ. ಬಿಡಬೇಡಿ. ಡಬ್ಬಿ ನಿಮ್ಮ ಕೈಗೆ ಬಂದರೆ ಮೂರು ವಿಷಯ ನೋಡಿ. ಒಳಗಿರುವುದು ಫಾರ್ಮಾಲಿನ್ ಆಗಿರಬೇಕು, ನೀರು ಅಥವಾ ಸಲೈನ್ ಅಲ್ಲ. ಅವುಗಳಲ್ಲಿ ಅಂಗಾಂಶ ಕೆಡುತ್ತದೆ, ಆಮೇಲೆ ಸೂಕ್ಷ್ಮದರ್ಶಕದಲ್ಲಿ ಏನೂ ಓದಲು ಬರುವುದಿಲ್ಲ. ಫಾರ್ಮಾಲಿನ್ ಗಡ್ಡೆಗಿಂತ ಬಹಳ ಜಾಸ್ತಿ ಇರಬೇಕು, ಹತ್ತರಷ್ಟು ಇದ್ದರೆ ಒಳ್ಳೆಯದು. ಡಬ್ಬಿಯ ಮೈ ಮೇಲೆ, ಮುಚ್ಚಳದ ಮೇಲಲ್ಲ, ಹೆಸರು, ವಯಸ್ಸು, ಯಾವ ಕಡೆಯದು, ದಿನಾಂಕ ಬರೆದಿರಬೇಕು. ಗಡ್ಡೆಗೆ ಒಂದೆರಡು ದಾರ ಕಟ್ಟಿದ್ದರೆ ಅದನ್ನು ಬಿಚ್ಚಬೇಡಿ. ಮೇಲ್ಭಾಗ ಯಾವುದು, ಹೊರಭಾಗ ಯಾವುದು ಎಂದು ಪ್ಯಾಥಾಲಜಿಸ್ಟ್‌ಗೆ ತಿಳಿಸಲು ಸರ್ಜನ್ ಹಾಕಿದ ಗುರುತು ಅದು.

ರಿಪೋರ್ಟ್ ಓದುವುದು

ಫಿಲ್ಲೋಡ್ಸ್ ಎಂದು ಬಂದರೆ ಅದರ ಪಕ್ಕದಲ್ಲಿ ಇನ್ನೊಂದು ಪದ ಇರಬೇಕು: ಬಿನೈನ್, ಬಾರ್ಡರ್‌ಲೈನ್ ಅಥವಾ ಮ್ಯಾಲಿಗ್ನೆಂಟ್. ನಿರಪಾಯದ್ದು, ನಡುವಿನದ್ದು, ಕ್ಯಾನ್ಸರ್ ಸ್ವಭಾವದ್ದು. ಅರ್ಧಕ್ಕಿಂತ ಜಾಸ್ತಿ ಜನರಿಗೆ ಬರುವುದು ಮೊದಲನೆಯದು. ಪ್ಯಾಥಾಲಜಿಸ್ಟ್ ಇದನ್ನು ಐದು ವಿಷಯ ನೋಡಿ ತೀರ್ಮಾನಿಸುತ್ತಾರೆ: ಸ್ಟ್ರೋಮಾದಲ್ಲಿ ಕೋಶ ಎಷ್ಟು ದಟ್ಟವಾಗಿದೆ, ಕೋಶಗಳ ರೂಪ ಎಷ್ಟು ಕೆಟ್ಟಿದೆ, ಸ್ಟ್ರೋಮಾ ಉಳಿದದ್ದನ್ನೆಲ್ಲ ಆಕ್ರಮಿಸಿದೆಯಾ, ಅಂಚು ಹೊರಗೆ ನುಗ್ಗಿದೆಯಾ, ಕೋಶಗಳು ಎಷ್ಟು ಬೇಗ ಒಡೆದು ಎರಡಾಗುತ್ತಿವೆ. ಕೊನೆಯದನ್ನು ಮೈಟೋಸಿಸ್ ಎಣಿಕೆ ಎಂದು ಬರೆದಿರುತ್ತಾರೆ. ಸೂಕ್ಷ್ಮದರ್ಶಕದ ಹತ್ತು ನೋಟಗಳಲ್ಲಿ 5ಕ್ಕಿಂತ ಕಡಿಮೆ ಇದ್ದರೆ ಬಿನೈನ್ ಕಡೆಗೆ, 5ರಿಂದ 9 ನಡುವಿನದ್ದು, 10 ಅಥವಾ ಜಾಸ್ತಿ ಇದ್ದರೆ ಮ್ಯಾಲಿಗ್ನೆಂಟ್ ಕಡೆಗೆ. ಒಂದೇ ಅಂಕಿಯಿಂದ ತೀರ್ಮಾನ ಆಗುವುದಿಲ್ಲ, ಐದೂ ಸೇರಬೇಕು.

ಆಮೇಲೆ ಮಾರ್ಜಿನ್ ಸಾಲು ಹುಡುಕಿ. ಅಂಚಿನಲ್ಲಿ ಗಡ್ಡೆ ಇದೆಯಾ ಇಲ್ಲವಾ, ಇಲ್ಲದಿದ್ದರೆ ಹತ್ತಿರದ ಅಂಚು ಎಷ್ಟು ಮಿಲಿಮೀಟರ್ ದೂರ ಎಂದು ಬರೆದಿರಬೇಕು. ಈ ಸಾಲೇ ಇಲ್ಲದ ರಿಪೋರ್ಟ್ ಅರ್ಧ ರಿಪೋರ್ಟ್. ಲ್ಯಾಬಿಗೆ ಹೋಗಿ ಸೇರಿಸಿ ಕೊಡಿ ಎಂದು ಕೇಳಬಹುದು.

ಬಾರ್ಡರ್‌ಲೈನ್ ಅಥವಾ ಮ್ಯಾಲಿಗ್ನೆಂಟ್ ಬಂದರೆ ಇನ್ನೊಬ್ಬ ಪ್ಯಾಥಾಲಜಿಸ್ಟ್ ನೋಡಲೇಬೇಕು ಎಂಬುದು ನನ್ನ ಸಲಹೆ, ಸ್ತನದ ಗಡ್ಡೆಗಳನ್ನು ದಿನವೂ ನೋಡುವವರಾದರೆ ಒಳ್ಳೆಯದು. ಅನುಭವಿಗಳ ನಡುವೆಯೇ ಈ ಗಡ್ಡೆಯ ದರ್ಜೆ ಬಗ್ಗೆ ಭಿನ್ನಾಭಿಪ್ರಾಯ ಬರುತ್ತದೆ. ಇದಕ್ಕೆ ನಿಮ್ಮನ್ನು ಮತ್ತೆ ಚುಚ್ಚಬೇಕಿಲ್ಲ. ಮೊದಲ ಲ್ಯಾಬಿನಲ್ಲಿ ಗಾಜಿನ ಸ್ಲೈಡುಗಳೂ ಮೇಣದ ಬ್ಲಾಕುಗಳೂ ಇರುತ್ತವೆ. ಸಹಿ ಹಾಕಿ ಕೇಳಿ ಪಡೆಯಿರಿ. ಬ್ಲಾಕನ್ನು ಬಿಸಿಲಿನಲ್ಲಿ, ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ, ಮೇಣ ಕರಗುತ್ತದೆ.

ಮುಂದಿನ ಚಿಕಿತ್ಸೆ

ಬಿನೈನ್ ಎಂದು ಬಂದು ಗಡ್ಡೆ ಪೂರ್ತಿ ಹೊರಬಂದಿದ್ದರೆ ಸಾಮಾನ್ಯವಾಗಿ ಅಲ್ಲಿಗೇ ಮುಗಿಯಿತು. ಮೊದಲೆಲ್ಲ ಎಲ್ಲರಿಗೂ 1 ಸೆಂಟಿಮೀಟರ್ ಮಾರ್ಜಿನ್ ಬೇಕೇ ಬೇಕು, ಇಲ್ಲದಿದ್ದರೆ ಮತ್ತೆ ಆಪರೇಷನ್ ಎನ್ನುತ್ತಿದ್ದರು. ಈಗ ಬಿನೈನ್ ದರ್ಜೆಗೆ ಅಷ್ಟು ಹಟ ಇಲ್ಲ. ಅಂಚಿನಲ್ಲಿ ಗಡ್ಡೆ ಇಲ್ಲದಿದ್ದರೆ, ಪಟ್ಟಿ ತೆಳ್ಳಗಿದ್ದರೂ, ಕಣ್ಣಿಟ್ಟು ನೋಡಿಕೊಂಡರೆ ಸಾಕು ಎನ್ನುತ್ತಾರೆ. ಹಾಗಾಗಿ ಬಿನೈನ್ ಎಂದು ಬಂದ ಮೇಲೂ ಯಾರಾದರೂ ತಕ್ಷಣ ಎರಡನೆಯ ಆಪರೇಷನ್ ಅಂದರೆ, ಅಂಚಿನಲ್ಲಿ ಗಡ್ಡೆ ಉಳಿದಿದೆಯಾ ಎಂದು ಕೇಳಿ.

ಬಾರ್ಡರ್‌ಲೈನ್ ಮತ್ತು ಮ್ಯಾಲಿಗ್ನೆಂಟ್ ದರ್ಜೆಗೆ 1 ಸೆಂಟಿಮೀಟರ್ ಗುರಿ ಇನ್ನೂ ಇದೆ. ಮೊದಲ ಸಲ ಸಿಕ್ಕಿಲ್ಲದಿದ್ದರೆ ಮತ್ತೆ ಆ ಜಾಗ ಅಗಲವಾಗಿ ತೆಗೆಯುತ್ತಾರೆ. ಸ್ತನದ ಗಾತ್ರಕ್ಕೆ ಹೋಲಿಸಿದರೆ ಗಡ್ಡೆ ತುಂಬಾ ದೊಡ್ಡದಿದ್ದರೆ ಮಾತ್ರ ಪೂರ್ತಿ ಸ್ತನ ತೆಗೆಯುವ ಮಾತು. ಹಾಗಾದರೆ ಹೊಸದಾಗಿ ಕಟ್ಟುವ ಆಪರೇಷನ್ ಬಗ್ಗೆ ಮೊದಲೇ, ಸಹಿ ಹಾಕುವ ಮುಂಚೆಯೇ ಪ್ಲಾಸ್ಟಿಕ್ ಸರ್ಜನ್ ಜೊತೆ ಮಾತಾಡಿ.

ಸಾಮಾನ್ಯ ಸ್ತನ ಕ್ಯಾನ್ಸರ್‌ಗೂ ಇದಕ್ಕೂ ದಾರಿ ಬೇರೆಯಾಗುವುದು ಇಲ್ಲಿ. ಮ್ಯಾಲಿಗ್ನೆಂಟ್ ಫಿಲ್ಲೋಡ್ಸ್ ಹರಡುವುದಾದರೆ ರಕ್ತದ ಮೂಲಕ, ಹೆಚ್ಚಾಗಿ ಶ್ವಾಸಕೋಶಕ್ಕೆ. ಕಂಕುಳಿನ ಗಂಟುಗಳಿಗೆ ಹೋಗುವುದು ಬಹಳ ಅಪರೂಪ. ಆದ್ದರಿಂದ ಕಂಕುಳನ್ನು ಖಾಲಿ ಮಾಡುವ ಆಪರೇಷನ್ ಮಾಮೂಲಾಗಿ ಬೇಡ, ಅದರಿಂದ ಬರುವ ಕೈ ಊತವೂ ತಪ್ಪುತ್ತದೆ. ಎದೆಯ ಸಿಟಿ ಸ್ಕ್ಯಾನ್ ಬೇಕಾಗುತ್ತದೆ. ಟಮಾಕ್ಸಿಫೆನ್‌ನಂಥ ಹಾರ್ಮೋನ್ ಮಾತ್ರೆಗೆ ಇಲ್ಲಿ ಕೆಲಸವಿಲ್ಲ. ಕಿಮೊಥೆರಪಿಯೂ ಮಾಮೂಲು ಚಿಕಿತ್ಸೆಯಲ್ಲ, ಬೇರೆ ಕಡೆ ಹರಡಿದ್ದರೆ ಸಾರ್ಕೋಮಾಗೆ ಕೊಡುವ ಔಷಧಿಗಳನ್ನು ಯೋಚಿಸುತ್ತಾರೆ. ಬಾರ್ಡರ್‌ಲೈನ್, ಮ್ಯಾಲಿಗ್ನೆಂಟ್ ಗಡ್ಡೆಗಳಿಗೆ ಕೆಲವರಲ್ಲಿ ರೇಡಿಯೇಷನ್ ಕೊಡುತ್ತಾರೆ. ಅದೇ ಜಾಗದಲ್ಲಿ ಮರಳಿ ಬರುವುದನ್ನು ಅದು ಕಡಿಮೆ ಮಾಡುತ್ತದೆ, ಆಯುಸ್ಸು ಹೆಚ್ಚಿಸುತ್ತದೆ ಎಂದು ಸಾಬೀತಾಗಿಲ್ಲ. ಮಕ್ಕಳಾಗುವ ಯೋಚನೆ ಇದ್ದರೆ ಯಾವುದೇ ಔಷಧಿ ಶುರುವಾಗುವ ಮುಂಚೆಯೇ ಬಾಯಿ ಬಿಟ್ಟು ಹೇಳಿ. ಡಾಕ್ಟರು ತಾವಾಗಿ ಕೇಳುತ್ತಾರೆಂದು ಕಾಯಬೇಡಿ.

ಹತ್ತಿರದ ಸಂಬಂಧಿಕರಲ್ಲಿ ಚಿಕ್ಕ ವಯಸ್ಸಿನಲ್ಲೇ ಸಾರ್ಕೋಮಾ, ಮೆದುಳಿನ ಗಡ್ಡೆ, ಸ್ತನ ಕ್ಯಾನ್ಸರ್ ಹೀಗೆ ಹಲವು ಬಗೆ ಕಾಣಿಸಿದ್ದರೆ ಅದನ್ನೂ ಹೇಳಿ. ಟಿಪಿ53 ಎಂಬ ಜೀನಿನ ದೋಷ ಇರುವ ಲೀ-ಫ್ರೌಮೆನಿ ಕುಟುಂಬಗಳಲ್ಲಿ ಫಿಲ್ಲೋಡ್ಸ್ ಬರುವ ಸಾಧ್ಯತೆ ಜಾಸ್ತಿ. ಅಂಥವರಿಗೆ ರೇಡಿಯೇಷನ್ ವಿಷಯದಲ್ಲೂ ಎಚ್ಚರ ಬೇಕು.

ಇದೇ ವೇಷದಲ್ಲಿ ಬರುವ ಬೇರೆಯವು

ಹದಿಮೂರು, ಹದಿನಾಲ್ಕರ ಹುಡುಗಿಯರಲ್ಲಿ ಒಂದು ಕಡೆಯ ಎದೆ ದಿಢೀರನೆ ದೊಡ್ಡದಾದರೆ ಹೆಚ್ಚಾಗಿ ಅದು ಜುವೆನೈಲ್ ಫೈಬ್ರೊಅಡೆನೋಮಾ. 5 ಸೆಂಟಿಮೀಟರ್ ದಾಟಿದರೆ ಜೈಂಟ್ ಎಂದು ಸೇರಿಸುತ್ತಾರೆ. ತೆಗೆಸಬೇಕು, ಆದರೆ ಬೆಳೆಯುವ ಸ್ತನವನ್ನು ಉಳಿಸಿಕೊಂಡು.

ಸೆಕ್ರೀಟರಿ ಕಾರ್ಸಿನೋಮಾ ಎಂಬ ಸ್ತನ ಕ್ಯಾನ್ಸರ್ ಬಲು ಅಪರೂಪ. ಮೊದಲು ಮಕ್ಕಳಲ್ಲಿ ಗುರುತಿಸಿದ್ದರಿಂದ ಜುವೆನೈಲ್ ಕಾರ್ಸಿನೋಮಾ ಎನ್ನುತ್ತಿದ್ದರು. ರಿಪೋರ್ಟಿನಲ್ಲಿ ಹೆಚ್ಚಾಗಿ ಟ್ರಿಪಲ್ ನೆಗೆಟಿವ್ ಎಂದು ಬರುತ್ತದೆ, ಸಾಮಾನ್ಯವಾಗಿ ಅದು ರಭಸದ ಕ್ಯಾನ್ಸರಿನ ಗುರುತಾದ್ದರಿಂದ ಓದಿದವರು ಕಂಗಾಲಾಗುತ್ತಾರೆ. ಆದರೆ ಇದು ನಿಧಾನದ ಸ್ವಭಾವದ್ದು, ಫಲಿತಾಂಶ ಚೆನ್ನಾಗಿರುತ್ತದೆ. ಇಟಿವಿ6 ಮತ್ತು ಎನ್‌ಟಿಆರ್‌ಕೆ3 ಎಂಬ ಎರಡು ಜೀನುಗಳ ಜೋಡಣೆ ಇದರ ಗುರುತು. ಕಿಮೊ ಶುರು ಮಾಡುವ ಮುಂಚೆ ಈ ಹೆಸರು ಖಚಿತವಾಗಬೇಕು.

ರಕ್ತನಾಳದ ಕ್ಯಾನ್ಸರ್ ಆದ ಆಂಜಿಯೊಸಾರ್ಕೋಮಾ ಇದಕ್ಕೆ ತದ್ವಿರುದ್ಧ, ರಭಸದ್ದು. ಪೆಟ್ಟು ಬಿದ್ದಿಲ್ಲದಿದ್ದರೂ ಎದೆಯ ಚರ್ಮ ನೀಲಿಯಾಗಿ ಕಂದಿ, ವಾರಗಳಾದರೂ ಹೋಗದಿದ್ದರೆ ನೇರ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ.

ನಮ್ಮ ದೇಶದಲ್ಲಿ ಮರೆಯಬಾರದ ಇನ್ನೊಂದು ಕ್ಷಯ. ಕೀವು ತೆಗೆಸಿದರೂ ಮತ್ತೆ ಮತ್ತೆ ಸೋರುವ ಗಂಟಾದರೆ ತುಣುಕನ್ನು ಬಯಾಪ್ಸಿಗೂ ಟಿಬಿ ಪರೀಕ್ಷೆಗೂ ಕಳಿಸಲು ಹೇಳಿ. ಟಿಬಿ ಅಲ್ಲದ ಗ್ರ್ಯಾನ್ಯುಲೊಮ್ಯಾಟಸ್ ಮ್ಯಾಸ್ಟೈಟಿಸ್ ಎಂಬ ಎದೆಯ ಉರಿಯೂತ ಕೂಡ ಹೀಗೇ ಇರುತ್ತದೆ, ಹೆರಿಗೆಯಾಗಿ ಕೆಲವು ವರ್ಷದೊಳಗಿನವರಲ್ಲಿ ಜಾಸ್ತಿ.

ಇಷ್ಟೆಲ್ಲ ಅಪರೂಪದ ಹೆಸರುಗಳ ನಡುವೆ ಸಾಮಾನ್ಯ ಸ್ತನ ಕ್ಯಾನ್ಸರನ್ನು ಮರೆಯಬೇಡಿ. ಮೂವತ್ತರ ಆಸುಪಾಸಿನಲ್ಲೂ ಅದು ಬರುತ್ತದೆ. ಗರ್ಭಿಣಿಯರು, ಹಾಲುಣಿಸುವವರು ಹಾಲು ಗಟ್ಟಿಯಾಗಿದೆ ಎಂದು ತಿಂಗಳುಗಟ್ಟಲೆ ಬಿಡಬಾರದು. ಅಲ್ಟ್ರಾಸೌಂಡ್ ಮತ್ತು ಕೋರ್ ಬಯಾಪ್ಸಿ ಎರಡನ್ನೂ ಆಗಲೂ ಮಾಡಿಸಬಹುದು.

ಎಲ್ಲಿ, ಎಷ್ಟು ಖರ್ಚು

ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಎಂಬ ಕ್ಯಾನ್ಸರ್ ಆಸ್ಪತ್ರೆ 1973ರಿಂದ ಇದೆ, ರಾಜ್ಯ ಸರ್ಕಾರದ್ದು. ಮುಂಬೈ ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆ 1941ರದ್ದು, ಉತ್ತರ ಕರ್ನಾಟಕದ ಅನೇಕರಿಗೆ ಬೆಂಗಳೂರಿಗಿಂತ ಅದೇ ಪರಿಚಿತ. ಬಿನೈನ್ ಗಡ್ಡೆಗೆ ಅಷ್ಟು ದೂರ ಹೋಗಬೇಕಿಲ್ಲ, ಹತ್ತಿರದ ಮೆಡಿಕಲ್ ಕಾಲೇಜು ಸಾಕು. ಬಾರ್ಡರ್‌ಲೈನ್ ಅಥವಾ ಮ್ಯಾಲಿಗ್ನೆಂಟ್ ಆದರೆ ಸರ್ಜನ್, ಪ್ಯಾಥಾಲಜಿಸ್ಟ್, ರೇಡಿಯೇಷನ್ ಡಾಕ್ಟರ್ ಒಟ್ಟಿಗೆ ಕೂತು ತೀರ್ಮಾನಿಸುವ ಆಸ್ಪತ್ರೆಗೇ ಹೋಗಿ.

2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ, ಎಪಿಎಲ್ ಕಾರ್ಡಿನವರಿಗೆ ಪ್ಯಾಕೇಜ್ ದರದ ನೂರಕ್ಕೆ 30ರಷ್ಟು. ಖಾಸಗಿ ಆಸ್ಪತ್ರೆಗೆ ಹೋಗುವ ಮುಂಚೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾ ಎಂದು ಅಲ್ಲಿನ ಆರೋಗ್ಯಮಿತ್ರ ಕೌಂಟರಿನಲ್ಲಿ ವಿಚಾರಿಸಿ. ಆಪರೇಷನ್ ಮುಗಿದ ಮೇಲೆ ಕಾರ್ಡ್ ತೋರಿಸಿದರೆ ಕೆಲಸ ಆಗುವುದಿಲ್ಲ.

ಆಮೇಲಿನ ವರ್ಷಗಳು

ಅದೇ ಸ್ತನದಲ್ಲಿ ಮರಳಿ ಬರುವ ಸಾಧ್ಯತೆ ಬಿನೈನ್ ದರ್ಜೆಗೆ ನೂರಕ್ಕೆ ಸುಮಾರು 8, ಬಾರ್ಡರ್‌ಲೈನಿಗೆ 13, ಮ್ಯಾಲಿಗ್ನೆಂಟಿಗೆ 18. ಬರುವುದಾದರೆ ಹೆಚ್ಚಾಗಿ ಮೊದಲ ಎರಡು ಮೂರು ವರ್ಷದೊಳಗೆ. ಅಷ್ಟು ಕಾಲ ಆರು ತಿಂಗಳಿಗೊಮ್ಮೆ ಡಾಕ್ಟರ್ ಪರೀಕ್ಷೆ ಮತ್ತು ಅಲ್ಟ್ರಾಸೌಂಡ್, ಆಮೇಲೆ ವರ್ಷಕ್ಕೊಮ್ಮೆ. ಮ್ಯಾಲಿಗ್ನೆಂಟ್ ಇದ್ದವರಿಗೆ ಎದೆಯ ಸ್ಕ್ಯಾನನ್ನೂ ಆಗಾಗ ಮಾಡಿಸುತ್ತಾರೆ. ತಿಂಗಳಿಗೊಮ್ಮೆ ಮುಟ್ಟು ಮುಗಿದ ಮೇಲೆ ಗಾಯದ ಗೆರೆಯ ಉದ್ದಕ್ಕೂ ಬೆರಳಾಡಿಸಿ ನೋಡಿಕೊಳ್ಳಿ. ಮೊದಲ ಕೆಲವು ತಿಂಗಳು ಗೆರೆಯ ಕೆಳಗೆ ಗಟ್ಟಿ ಇರುವುದು ಸಹಜ, ಕ್ರಮೇಣ ಮೆತ್ತಗಾಗಬೇಕು. ಮೆತ್ತಗಾದ ಮೇಲೆ ಮತ್ತೆ ಗಟ್ಟಿಯಾದರೆ ಮುಂದಿನ ತಾರೀಖಿಗೆ ಕಾಯದೆ ಹೋಗಿ.

ಗರ್ಭಿಣಿಯಾದರೆ ಸರ್ಜನ್‌ಗೂ ತಿಳಿಸಿ, ಆ ಸಮಯದಲ್ಲಿ ಇಂಥ ಗಡ್ಡೆಗಳು ಬೇಗ ಬೆಳೆಯಬಹುದು. ಒಂದು ಕಡೆ ಆಪರೇಷನ್ ಆಗಿದ್ದರೂ ಇನ್ನೊಂದು ಕಡೆಯಿಂದ ಹಾಲುಣಿಸಲು ಸಾಮಾನ್ಯವಾಗಿ ತೊಂದರೆ ಇಲ್ಲ.

ಗಂಟು ಮರಳಿ ಬಂದೇ ಬಂದರೆ ಹೊಸ ಡಾಕ್ಟರ ಹತ್ತಿರ ಹಳೆಯ ಸ್ಲೈಡ್, ಬ್ಲಾಕ್, ಆಪರೇಷನ್ ಟಿಪ್ಪಣಿ ಮೂರನ್ನೂ ಒಯ್ಯಿರಿ. ಬಿನೈನ್ ಆಗಿದ್ದದ್ದು ಹೆಚ್ಚಿನ ಸಲ ಬಿನೈನ್ ಆಗಿಯೇ ಮರಳುತ್ತದೆ, ಕೆಲವು ಸಲ ದರ್ಜೆ ಮೇಲೇರಿರುತ್ತದೆ. ಹೋಲಿಸಿ ನೋಡದೆ ಅದು ಗೊತ್ತಾಗುವುದಿಲ್ಲ. ಎರಡನೆಯ ಆಪರೇಷನ್ ಎಷ್ಟು ಅಗಲ ಆಗಬೇಕು ಎಂಬುದು ಆ ಹೋಲಿಕೆಯ ಮೇಲೆಯೇ ನಿಂತಿದೆ.